ನೇಪಾಳದ ಶಾಲೆಗೆ ಇಂಗ್ಲಿಷ್ ಸಹಾಯಕರಾಗಿ ಹೋಗುವವರಿಗೆ, ಹಾಸನದ ನಿವೃತ್ತ ಟೀಚರೊಬ್ಬರಿಂದ

"ನನ್ನ ಇಂಗ್ಲಿಷ್ ಅಷ್ಟೇನೂ ಚೆನ್ನಾಗಿಲ್ಲ ಮೇಡಂ, ನಾನು ಹೋಗಬಹುದಾ?" ನಾನು ನೇಪಾಳದ ಶಾಲೆಯಲ್ಲಿ ಕೆಲಸ ಮಾಡಿ ಬಂದದ್ದು ಗೊತ್ತಾದವರೆಲ್ಲ ಮೊದಲು ಕೇಳುವುದು ಇದನ್ನೇ. ಹೋಗಬಹುದು. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರುಮಾಡಿ, ಕಾಲೇಜಿಗೆ ಬಂದ ಮೇಲೆ ತಡವರಿಸಿ ತಡವರಿಸಿ ಮಾತು ಕಲಿತ ಕನ್ನಡ ಮೀಡಿಯಂನವರು ಈ ಕೆಲಸಕ್ಕೆ ಬೇರೆ ಯಾರಿಗಿಂತಲೂ ಚೆನ್ನಾಗಿ ಒಗ್ಗುತ್ತಾರೆ ಅಂತ ನಾನು ನಂಬಿದ್ದೇನೆ. ಇಂಗ್ಲಿಷ್ ಮಗುವಿನ ಗಂಟಲಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತು. ಹುಟ್ಟಿನಿಂದ ಇಂಗ್ಲಿಷ್ ಆಡಿದವರು ಅದನ್ನು ಪುಸ್ತಕ ಓದಿ ತಿಳಿಯಬೇಕು.

ನಾನು ಸಕಲೇಶಪುರ, ಆಲೂರು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತಳಾದವಳು. ಈಗ ಹಾಸನದಲ್ಲಿ ಮನೆ. ನಾನು ಹೋದದ್ದು ನೇಪಾಳದ ಪಾಲ್ಪಾ ಜಿಲ್ಲೆಯ ಒಂದು ಬೆಟ್ಟದೂರಿನ ಸಾಮುದಾಯಿಕ ವಿದ್ಯಾಲಯಕ್ಕೆ. ನಾವು ಸರ್ಕಾರಿ ಶಾಲೆ ಅನ್ನುವುದನ್ನು ಅಲ್ಲಿ ಹಾಗೆ ಕರೆಯುತ್ತಾರೆ. ನಮ್ಮ ಬಡಾವಣೆಯಲ್ಲಿ ರಾತ್ರಿ ಕಾವಲಿಗಿದ್ದ ಗೂರ್ಖಾ ಆ ಊರಿನವರು, ಅವರ ಅಣ್ಣ ಅಲ್ಲಿ ಮೇಷ್ಟ್ರು. ಸಂಪರ್ಕ ಸಿಕ್ಕಿದ್ದು ಹಾಗೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ, ಹೋಟೆಲುಗಳಲ್ಲಿ, ಎಸ್ಟೇಟುಗಳಲ್ಲಿ ನೇಪಾಳದವರು ಇದ್ದಾರೆ. ಅವರ ಮಕ್ಕಳು ಓದುವ ಶಾಲೆ ಯಾವುದು ಅಂತ ಒಂದು ಮಾತು ಕೇಳಿ ನೋಡಿ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಯೂರೋಪಿಗೆ ಹೋಗಬೇಕು ಅನ್ನುವ ಕಿರಿಯರಿಗೆ ಬೇರೆ ದಾರಿ ಇದೆ. ಫ್ರಾನ್ಸ್ ಸರ್ಕಾರದ ಭಾಷಾ ಸಹಾಯಕರ ಯೋಜನೆಯಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ವಾರಕ್ಕೆ 12 ಗಂಟೆ ಶಾಲೆಯಲ್ಲಿ ಕೆಲಸ, ತಿಂಗಳಿಗಿಷ್ಟು ಅಂತ ಭತ್ಯೆ. ಆದರೆ ಫ್ರೆಂಚ್ ಬರಬೇಕು, ವಯಸ್ಸಿನ ಮಿತಿಯೂ ಇದೆ. ಜಪಾನಿನ ಜೆಟ್ ಯೋಜನೆ 1987ರಿಂದ ನಡೆಯುತ್ತಿದೆ, ಅದು ಸಂಬಳದ ಕೆಲಸ. ನಾನು ಇಲ್ಲಿ ಬರೆಯುತ್ತಿರುವುದು ಸಂಬಳವಿಲ್ಲದೆ, ಒಂದೆರಡು ತಿಂಗಳು ಬಿಡುವು ಮಾಡಿಕೊಂಡು, ನಮ್ಮ ಕೈಗೆ ಎಟುಕುವ ಖರ್ಚಿನಲ್ಲಿ ಹೋಗಿಬರುವವರಿಗೆ.

ನೇಪಾಳವೇ ಯಾಕೆ

ಭಾರತದವರಿಗೆ ನೇಪಾಳಕ್ಕೆ ವೀಸಾ ಬೇಡ. 1950ರ ಜುಲೈ 31ರಂದು ಎರಡು ದೇಶಗಳ ನಡುವೆ ಆದ ಒಪ್ಪಂದದಲ್ಲೇ ಓಡಾಡುವ, ನೆಲೆಸುವ ಹಕ್ಕು ಇದೆ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ, ಎರಡರಲ್ಲಿ ಒಂದಿದ್ದರೆ ಸಾಕು. ಆಧಾರ್ ಕಾರ್ಡ್ ಎಲ್ಲರಿಗೂ ನಡೆಯೋದಿಲ್ಲ. 65 ವರ್ಷ ದಾಟಿದವರಿಗೆ ಮತ್ತು 15ಕ್ಕಿಂತ ಚಿಕ್ಕವರಿಗೆ ಮಾತ್ರ ಅದಕ್ಕೆ ಅವಕಾಶ. ಹಾಸನದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಪಾಸ್‌ಪೋರ್ಟನ್ನೇ ಮಾಡಿಸಿಕೊಳ್ಳಿ ಅಂತ ಹೇಳುತ್ತೇನೆ.

ಎರಡನೆಯ ಕಾರಣ ಅಲ್ಲಿನ ಶಾಲೆಗಳ ಪರಿಸ್ಥಿತಿ. ನೇಪಾಳದಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. ಊರೂರಲ್ಲಿ ಖಾಸಗಿ ಬೋರ್ಡಿಂಗ್ ಶಾಲೆಗಳು ಬಂದು ಮಕ್ಕಳನ್ನು ಸೆಳೆದುಕೊಂಡ ಮೇಲೆ, ಸಾಮುದಾಯಿಕ ಶಾಲೆಗಳೂ ಮಕ್ಕಳನ್ನು ಉಳಿಸಿಕೊಳ್ಳಲು ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಹೇಳಿಕೊಡಲು ಹೊರಟಿವೆ. ಇಂಗ್ಲಿಷಿನಲ್ಲಿ ಮಾತಾಡಿ ರೂಢಿಯಿಲ್ಲದ ಮೇಷ್ಟ್ರುಗಳ ಮೇಲೆ ಆ ಭಾರ ಬಿದ್ದಿದೆ. ಕರ್ನಾಟಕದಲ್ಲಿ 2007ರಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಾಗ ನಮ್ಮ ಪ್ರಾಥಮಿಕ ಶಾಲೆಗಳ ಟೀಚರುಗಳು ಪಟ್ಟ ಪಾಡು ನೆನಪಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತೆ. ಅಲ್ಲಿ ಬೇಕಿರುವುದು ದೊಡ್ಡ ಪಂಡಿತರಲ್ಲ, ಜೊತೆಗೆ ನಿಂತು ಮಾತಾಡುವ ಒಬ್ಬರು.

ಹೈಸ್ಕೂಲಿನಲ್ಲಿ ತೃತೀಯ ಭಾಷೆಯಾಗಿ ಹಿಂದಿ ಓದಿದ್ದರೆ ನೇಪಾಳಿ ಬೋರ್ಡುಗಳನ್ನು ಓದಬಹುದು, ಲಿಪಿ ಒಂದೇ. ಅಂಗಡಿಯಲ್ಲಿ, ಬಸ್ಸಿನಲ್ಲಿ ಹರಕು ಮುರುಕು ಹಿಂದಿಯೂ ನಡೆಯುತ್ತೆ.

ಶಾಲೆ ಗೊತ್ತುಮಾಡಿಕೊಳ್ಳುವುದು

ದುಡ್ಡು ಕಟ್ಟಿಸಿಕೊಂಡು "ಸ್ವಯಂಸೇವೆ"ಗೆ ಕಳಿಸುವ ಏಜೆನ್ಸಿಗಳು ಬೇಕಾದಷ್ಟಿವೆ. ನಾವು ಕಟ್ಟಿದ್ದರಲ್ಲಿ ಶಾಲೆಗೆ ಎಷ್ಟು ಹೋಗುತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ.

ಅನಾಥಾಶ್ರಮ ಅಂತ ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ನೇಪಾಳದ ಬಾಲಗೃಹಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ ಅಂತ ಯುನಿಸೆಫ್ ಮತ್ತು ಮಕ್ಕಳ ಹಕ್ಕಿನ ಕೆಲಸ ಮಾಡುವವರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಓದಿಸುತ್ತೇವೆ ಅಂತ ನಂಬಿಸಿ ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ಕರೆತರುತ್ತಾರೆ, ವಿದೇಶದಿಂದ ಬರುವ ಅತಿಥಿಗಳ ದುಡ್ಡೇ ಆ ವ್ಯಾಪಾರಕ್ಕೆ ಆಧಾರ. ನಮ್ಮ ಒಳ್ಳೆಯ ಮನಸ್ಸು ಒಂದು ಮಗುವನ್ನು ಅದರ ತಾಯಿಯಿಂದ ದೂರ ಇಡುವುದಕ್ಕೆ ಬಳಕೆಯಾಗಬಾರದು. ಸಂಜೆ ಮಕ್ಕಳು ತಮ್ಮ ತಮ್ಮ ಮನೆಗೆ ಹೋಗುವಂಥ ಶಾಲೆಯನ್ನೇ ಆರಿಸಿಕೊಳ್ಳಿ.

ಶಾಲೆ ಸಿಕ್ಕಿತು ಅಂದುಕೊಳ್ಳಿ. ಹೆಡ್‌ಮಾಸ್ಟರಿಗೆ ಬರೆಯುವ ಪತ್ರದ ಪ್ರತಿ ಶಾಲಾ ವ್ಯವಸ್ಥಾಪನ ಸಮಿತಿಗೂ ಹೋಗಬೇಕು. ಅದು ನಮ್ಮ ಎಸ್‌ಡಿಎಂಸಿ ಇದ್ದ ಹಾಗೆ. 2015ರ ಸಂವಿಧಾನ ಬಂದ ಮೇಲೆ ನೇಪಾಳದಲ್ಲಿ ಹನ್ನೆರಡನೇ ತರಗತಿವರೆಗಿನ ಶಾಲೆಗಳ ಜವಾಬ್ದಾರಿ ಸ್ಥಳೀಯ ಸರ್ಕಾರಗಳದ್ದು. ಅಂಥವು ದೇಶದಲ್ಲಿ 753 ಇವೆ, ಹಳ್ಳಿಯಾದರೆ ಗಾಂವ್‌ಪಾಲಿಕಾ, ಪಟ್ಟಣವಾದರೆ ನಗರಪಾಲಿಕಾ. ಆ ಪಾಲಿಕೆಯ ಶಿಕ್ಷಣ ಶಾಖೆಯಿಂದ ಒಪ್ಪಿಗೆಯ ಒಂದು ಪತ್ರ ತರಿಸಿಕೊಳ್ಳಿ ಅಂತ ಹೆಡ್‌ಮಾಸ್ಟರನ್ನೇ ಕೇಳಿಕೊಳ್ಳಿ. ವೀಸಾ ಬೇಡ ಅಂದ ಮಾತ್ರಕ್ಕೆ ಯಾರ ಶಾಲೆಗೆ ಬೇಕಾದರೂ ನುಗ್ಗಬಹುದು ಅಂತ ಅಲ್ಲ.

ಪತ್ರದಲ್ಲಿ ನಿಮ್ಮ ಡಿಗ್ರಿಗಳ ಪಟ್ಟಿಗಿಂತ ಮುಖ್ಯವಾದದ್ದು ನಿಮ್ಮ ಪ್ರಶ್ನೆಗಳು. ಯಾವ ತರಗತಿಗಳು, ದಿನಕ್ಕೆ ಎಷ್ಟು ಪೀರಿಯಡ್, ನನ್ನ ಜೊತೆ ತರಗತಿಯಲ್ಲಿ ಇರುವ ಟೀಚರ್ ಯಾರು, ಪಠ್ಯಪುಸ್ತಕದ ಫೋಟೋ ಕಳಿಸುತ್ತೀರಾ, ಉಳಿದುಕೊಳ್ಳಲು ಯಾರ ಮನೆ, ಊಟಕ್ಕೆ ತಿಂಗಳಿಗೆ ಎಷ್ಟು ಕೊಡಲಿ? ಮೂರನೆಯ ಪ್ರಶ್ನೆಗೆ "ಯಾರೂ ಇರೋದಿಲ್ಲ, ನೀವೇ ನೋಡಿಕೊಳ್ಳಿ" ಅಂತ ಉತ್ತರ ಬಂದರೆ ವಿನಯದಿಂದಲೇ ಬೇಡ ಅಂದುಬಿಡಿ. ಆಗ ನೀವು ಸಹಾಯಕರಲ್ಲ, ಬಿಟ್ಟಿ ಟೀಚರ್. ನೀವು ವಾಪಸ್ ಬಂದ ದಿನ ಆ ತರಗತಿ ಖಾಲಿ ಬೀಳುತ್ತೆ.

ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಅವರು ಕೇಳದಿದ್ದರೂ ನೀವೇ ಮಾಡಿಸಿಕೊಂಡು ಹೋಗಿ. ಮಕ್ಕಳ ನಡುವೆ ಕೆಲಸ ಮಾಡುವ ಹೊರಗಿನವರು ಅದನ್ನು ತಾವಾಗಿ ಮುಂದಿಡುವುದು ಸರಿ. ಒಂಟಿ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಕೂರಬಾರದು, ಮಕ್ಕಳ ಫೋಟೋ ಫೇಸ್‌ಬುಕ್ಕಿಗೆ ಹಾಕಬಾರದು. ಇವೆರಡು ನಿಯಮ ನಿಮಗೆ ನೀವೇ ಹಾಕಿಕೊಳ್ಳಿ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ನೇಪಾಳದಲ್ಲಿ ನಡೆಯುವುದು ವಿಕ್ರಮ ಸಂವತ್ ಕ್ಯಾಲೆಂಡರ್. ಏಪ್ರಿಲ್ ಮಧ್ಯದಲ್ಲಿ ಬೈಶಾಖ ಹುಟ್ಟಿದಾಗ ಹೊಸ ವರ್ಷ, ಶಾಲೆಗೂ ಆಗಲೇ ಹೊಸ ವರ್ಷ. ಪತ್ರದಲ್ಲಿ ಅವರು ಹಾಕುವ ಇಸವಿಯಿಂದ 57 ಕಳೆದರೆ ನಮ್ಮದು ಸಿಗುತ್ತೆ. ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಮಾತ್ರ 56 ಕಳೆಯಬೇಕು. ಅವರ ತಿಂಗಳು ನಮ್ಮ ತಿಂಗಳಿನ ಮಧ್ಯದಲ್ಲಿ ಶುರುವಾಗುತ್ತೆ. ಆದ್ದರಿಂದ ದಿನಾಂಕ ಗೊತ್ತುಮಾಡುವಾಗ ಎರಡೂ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.

ಈಗಲೂ ಕೆಲಸದಲ್ಲಿರುವ ಟೀಚರುಗಳಿಗೆ ಇದು ಅನುಕೂಲವೇ ಆಯಿತು. ನಮ್ಮ ಬೇಸಿಗೆ ರಜೆ ಬರುವ ಹೊತ್ತಿಗೆ ಅಲ್ಲಿ ಶಾಲೆ ತೆರೆಯುತ್ತೆ. ಬೈಶಾಖದ ಮೊದಲ ದಿನಗಳು ದಾಖಲಾತಿ ಅಭಿಯಾನದಲ್ಲಿ ಕಳೆಯುತ್ತವೆ, ಪಾಠ ಅಷ್ಟಾಗಿ ನಡೆಯೋದಿಲ್ಲ. ಏಪ್ರಿಲ್ ಕೊನೆಗೆ ತಲುಪಿದರೆ ಸರಿ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಜೋರು ಮಳೆ. ಬುಟ್ವಲ್‌ನಿಂದ ಪಾಲ್ಪಾಗೆ ಹತ್ತುವ ದಾರಿಯಲ್ಲಿ ಸಿದ್ಧಬಾಬಾ ಅನ್ನುವ ಕಡೆ ಗುಡ್ಡದಿಂದ ಕಲ್ಲುಗಳು ಉರುಳುತ್ತವೆ. ಶಿರಾಡಿ ಘಾಟಿಯ ಮಳೆಗಾಲ ಗೊತ್ತಿರುವ ನಮ್ಮವರಿಗೆ ಹೆಚ್ಚು ವಿವರಿಸಬೇಕಿಲ್ಲ. ದಶೈಂ, ತಿಹಾರ್ ಹಬ್ಬಗಳಿಗೆ, ಅಂದರೆ ನಮ್ಮ ದಸರಾ ದೀಪಾವಳಿ ಹೊತ್ತಿಗೆ, ಉದ್ದ ರಜೆ. ಅವರ ವರ್ಷದ ಕೊನೆಯ ತಿಂಗಳಾದ ಚೈತ್ರದಲ್ಲಿ ಪರೀಕ್ಷೆ. ಇವನ್ನೆಲ್ಲ ಬಿಟ್ಟರೆ ಉಳಿಯುವುದು ಬೇಸಿಗೆಯ ಒಂದು ತುಂಡು, ತಿಹಾರ್ ಮುಗಿದ ಮೇಲಿನ ಚಳಿಗಾಲದ ಒಂದು ತುಂಡು. ಚಳಿಗಾಲಕ್ಕಾದರೆ ಗಟ್ಟಿ ಸ್ವೆಟರ್ ಬೇಕೇ ಬೇಕು.

ರೈಲಿನಲ್ಲಾದರೆ ಹಾಸನದಿಂದ ಯಶವಂತಪುರ, ಅಲ್ಲಿಂದ ಗೋರಖ್‌ಪುರ ಎಕ್ಸ್‌ಪ್ರೆಸ್, ಹೆಚ್ಚುಕಡಿಮೆ ಎರಡು ದಿನ. ಗೋರಖ್‌ಪುರದಿಂದ ಗಡಿಯ ಊರು ಸೋನೌಲಿಗೆ ಬಸ್ಸು. ಗಡಿ ದಾಟುವುದು ನಡೆದುಕೊಂಡೇ. ಆ ಕಡೆ ಭೈರಹವಾ, ಬುಟ್ವಲ್, ಆಮೇಲೆ ಸಿದ್ಧಾರ್ಥ ಹೆದ್ದಾರಿಯಲ್ಲಿ ಪಾಲ್ಪಾದ ಜಿಲ್ಲಾ ಕೇಂದ್ರ ತಾನ್ಸೇನ್. ಗಡಿ ದಾಟಿದ ಮೇಲೆ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿ. ಶಾಲೆಯ ಗಂಟೆ ಅದರಂತೆ ಹೊಡೆಯುತ್ತೆ.

ದುಡ್ಡಿನ ವಿಷಯ ಸುಲಭ. ನಮ್ಮ ಒಂದು ರೂಪಾಯಿಗೆ ಅವರ ಒಂದು ರೂಪಾಯಿ 60 ಪೈಸೆ, 1993ರಿಂದ ಅದೇ ದರ. ದೊಡ್ಡ ನೋಟುಗಳ ನಿಯಮ ಬದಲಾಗುತ್ತಿರುತ್ತೆ, ನೂರರ ನೋಟೇ ಒಯ್ಯಿರಿ. 2024ರ ಮಾರ್ಚಿನಿಂದ ಅಲ್ಲಿನ "ಫೋನೆಪೇ" (ನಮ್ಮ ಫೋನ್‌ಪೇ ಬೇರೆ) ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತೆ. ಆದರೆ ಬೆಟ್ಟದೂರಲ್ಲಿ ಕೈಯಲ್ಲಿ ನಗದು ಇರಲೇಬೇಕು. ಉಳಿದುಕೊಂಡ ಮನೆಯವರಿಗೆ ಊಟ ವಸತಿಯ ಹಣ ತಿಂಗಳ ಮೊದಲಲ್ಲೇ ಕೊಟ್ಟುಬಿಡಿ. ಅತಿಥಿ ಅಂತ ಅವರು ಬೇಡ ಅನ್ನುತ್ತಾರೆ, ಆದರೂ ಕೊಡಿ.

ಊಟದ ಬಗ್ಗೆ ಒಂದು ಮಾತು. ಬೆಳಗ್ಗೆ ಒಂಬತ್ತಕ್ಕೆಲ್ಲ ಅನ್ನ, ಬೇಳೆಸಾರು, ಪಲ್ಯ ಪೂರಾ ಊಟ ಮುಗಿಸಿ ಹತ್ತಕ್ಕೆ ಶಾಲೆಗೆ ಹೋಗುತ್ತಾರೆ. ಇಡ್ಲಿ ಉಪ್ಪಿಟ್ಟು ಹುಡುಕಬೇಡಿ. ಅಲ್ಲಿ ಕೋದೋ ಅನ್ನುವುದು ನಮ್ಮ ರಾಗಿಯೇ. ಅದರ ಹಿಟ್ಟು ಕುದಿಸಿ ತಿರುವಿ ಮಾಡುವ ಢಿಂಡೋ ಮುಂದೆ ಕೂತಾಗ ಹಾಸನದವರಿಗೆ ಬೇರೆ ದೇಶ ಅನ್ನಿಸುವುದಿಲ್ಲ. ಪಾಲ್ಪಾದಲ್ಲಿ ಬೇಯಿಸಿದ ಆಲೂಗಡ್ಡೆಗೆ ಮೊಸರು ಕಲಸಿ ಮೆಂತ್ಯದ ಒಗ್ಗರಣೆ ಹಾಕುವ ಚುಕೌನಿ ಅಂತ ಮಾಡುತ್ತಾರೆ, ಕೇಳಿ ಹಾಕಿಸಿಕೊಳ್ಳಿ.

ತರಗತಿಯ ಒಳಗೆ

ಮೊದಲ ವಾರ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಅಷ್ಟೇ. ಯಾವ ಮಗು ಬಾಯಿ ಬಿಡುತ್ತೆ, ಯಾವುದು ಬಿಡುವುದಿಲ್ಲ, ಟೀಚರ್ ಯಾವಾಗ ನೇಪಾಳಿಗೆ ಹೊರಳುತ್ತಾರೆ, ಬೋರ್ಡಿನ ಮೇಲೆ ಏನು ಬರೆಯುತ್ತಾರೆ, ಎಲ್ಲ ಗಮನಿಸಿ. ನಾನು ಹೋಗಿದ್ದಾಗ ಭಾನುವಾರವೂ ತರಗತಿ ಇತ್ತು, ರಜೆ ಶನಿವಾರ. ಶುಕ್ರವಾರ ಅರ್ಧ ದಿನ. ದೊಡ್ಡವರನ್ನು "ತಪಾಯ್ಂ" ಅಂತಲೇ ಮಾತಾಡಿಸಿ. ಹೆಂಗಸರನ್ನು ದಿದಿ, ಗಂಡಸರನ್ನು ದಾಯಿ ಅಂದರೆ ಊರು ಬೇಗ ಹತ್ತಿರವಾಗುತ್ತೆ. ಶಾಲೆಯಲ್ಲಿ ಮಾತ್ರ ಸರ್, ಮಿಸ್.

ಪಾಲ್ಪಾದಲ್ಲಿ ಮಗರ್ ಜನ ಹೆಚ್ಚು. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಮಗರ್ ಭಾಷೆ, ಶಾಲೆಯಲ್ಲಿ ನೇಪಾಳಿ, ಅದರ ಮೇಲೆ ಇಂಗ್ಲಿಷ್. ಎಸ್ಟೇಟ್ ಲೈನ್ ಮನೆಗಳಿಂದ ತಮಿಳು, ತುಳು ಮಾತಾಡಿಕೊಂಡು ಬಂದು ಕನ್ನಡದಲ್ಲಿ ಪಾಠ ಕೇಳುತ್ತಿದ್ದ ನನ್ನ ಮಕ್ಕಳಿಗೂ ಇಂಗ್ಲಿಷ್ ಮೂರನೆಯ ಭಾಷೆಯೇ ಆಗಿತ್ತು. ಇಂಥ ಮಗು ಸುಮ್ಮನೆ ಕೂತಿದೆ ಅಂದರೆ ಗೊತ್ತಿಲ್ಲ ಅಂತ ಅಲ್ಲ. ಮೂರು ಭಾಷೆ ದಾಟಿ ಬರಲು ಅದಕ್ಕೆ ಹೊತ್ತು ಬೇಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸಿ. ಆ ಮೌನ ನಮಗೆ ಕಷ್ಟ, ಟೀಚರುಗಳಿಗಂತೂ ಬಹಳ ಕಷ್ಟ. ಆದರೂ ತುಂಬಲು ಹೋಗಬೇಡಿ. ಉತ್ತರವನ್ನು ಮೊದಲು ಪಕ್ಕದವರಿಗೆ ಹೇಳಲಿ, ಆಮೇಲೆ ನಾಲ್ಕು ಜನರಿಗೆ, ಕೊನೆಗೆ ತರಗತಿಗೆ. ಒಂಟಿಯಾಗಿ ಎದ್ದು ನಿಲ್ಲಿಸಿದರೆ ಬಾಯಿ ಕಟ್ಟುವ ಹುಡುಗಿ ಗೆಳತಿಯ ಕಿವಿಯಲ್ಲಿ ಪೂರ್ತಿ ವಾಕ್ಯ ಹೇಳುತ್ತಾಳೆ.

ಉಚ್ಚಾರಣೆಯಲ್ಲಿ ಏನೇನು ಕಾದುನೋಡಬೇಕು ಅಂತ ಮೊದಲೇ ತಿಳಿದಿದ್ದರೆ ಅನುಕೂಲ. ನೇಪಾಳಿ ಮಾತಾಡುವ ಮಕ್ಕಳಿಗೆ "ಸ" ಮತ್ತು "ಶ" ಒಂದಾಗಿಬಿಡುತ್ತವೆ. "ಝೂ" ಅನ್ನುವುದು "ಜೂ" ಆಗುತ್ತೆ, "ಫ್ಯಾನ್" ಅನ್ನುವಾಗ "ಫ" ತುಟಿ ಕೂಡಿಸಿ ಬರುತ್ತೆ, "ಸ್ಕೂಲ್" ಮುಂದೆ ಒಂದು "ಇ" ಸೇರಿ "ಇಸ್ಕೂಲ್" ಆಗುತ್ತೆ. ನಮ್ಮ ಮಕ್ಕಳು ಕೊನೆಗೆ "ಉ" ಸೇರಿಸಿ "ಸ್ಕೂಲು", "ಬುಕ್ಕು" ಅನ್ನುತ್ತಾರಲ್ಲ, ಅದೇ ರೀತಿಯ ತೊಡಕು, ಇನ್ನೊಂದು ತುದಿಯಲ್ಲಿ. ನೇಪಾಳಿ ಮಾತಿನಲ್ಲಿ ಹ್ರಸ್ವ ದೀರ್ಘದ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಹಾಗಾಗಿ "ಶಿಪ್" ಮತ್ತು "ಶೀಪ್" ಅವರ ಕಿವಿಗೆ ಒಂದೇ. ಇಲ್ಲಿ ಕನ್ನಡದವರಿಗೆ ಒಂದು ವರ ಇದೆ. ನಾವು ಹುಟ್ಟಿದಾಗಿನಿಂದ ಬಿಡು ಬೀಡು, ಕೊಡು ಕೋಡು ಅಂತ ಬೇರೆ ಮಾಡಿ ಆಡಿದವರು. ಈ ಜೋಡಿ ಪದಗಳನ್ನು ನಮ್ಮಷ್ಟು ಸ್ಪಷ್ಟವಾಗಿ ಅನ್ನಿ ತೋರಿಸಲು ಎಲ್ಲರಿಗೂ ಆಗುವುದಿಲ್ಲ. ಜೋಡಿ ಪದಗಳ ಚಿತ್ರ ಬರೆದು ಎರಡು ಗೋಡೆಗೆ ಅಂಟಿಸಿ, ನೀವು ಅಂದದ್ದು ಯಾವುದೋ ಆ ಗೋಡೆಗೆ ಮಕ್ಕಳು ಓಡಲಿ. ಮೊದಲು ಕಿವಿ, ಆಮೇಲೆ ನಾಲಗೆ.

ವಾಕ್ಯದ ಜಾಡೂ ಹಾಗೆಯೇ. ಕನ್ನಡದಂತೆ ನೇಪಾಳಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತೆ. ಮಗು "ಐ ಸ್ಕೂಲ್..." ಅಂತ ನಿಂತುಬಿಟ್ಟರೆ ಅದು ಎಲ್ಲಿ ನಿಂತಿದೆ ಅಂತ ನಮಗೆ ಗೊತ್ತಾಗುತ್ತೆ. ವ್ಯಾಕರಣ ವಿವರಿಸಲು ಹೋಗಬೇಡಿ. "ಐ ಗೋ ಟು", "ಐ ಕ್ಯಾನ್", "ವಿ ಡೋಂಟ್ ಹ್ಯಾವ್" ಅಂತ ವಾಕ್ಯದ ತಲೆಯನ್ನು ಬೋರ್ಡಿನ ಮೇಲೆ ಬರೆದಿಡಿ, ಬಾಲವನ್ನು ಅವರು ಸೇರಿಸಲಿ. ತಪ್ಪು ಮಾಡಿದಾಗ ನಡುವೆ ತಡೆಯಬೇಡಿ. ಮಾತು ಮುಗಿದ ಮೇಲೆ ಅದೇ ಮಾತನ್ನು ಸರಿಯಾಗಿ ನೀವು ಹೇಳಿ ಮುಂದೆ ಹೋಗಿ. ಎಲ್ಲರೂ ಮಾಡುವ ತಪ್ಪನ್ನು ಗುರುತು ಹಾಕಿಕೊಂಡು ಕೊನೆಯ ಐದು ನಿಮಿಷದಲ್ಲಿ ಹೆಸರು ಹೇಳದೆ ತಿದ್ದಿ.

ನೇಪಾಳಿ ಮಾತಾಡಿದವರಿಗೆ ದಂಡ ಹಾಕುವ ಪದ್ಧತಿ ಕೆಲವು ಕಡೆ ಇದೆ. ನಮ್ಮ ಜಿಲ್ಲೆಯಲ್ಲೂ ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಶಾಲೆಗಳನ್ನು ಕಂಡಿದ್ದೇನೆ. ಅಂಥದ್ದಕ್ಕೆ ಸೇರಿಕೊಳ್ಳಬೇಡಿ. ತನ್ನ ಭಾಷೆಯಲ್ಲಿ ಯೋಚನೆ ಮಾಡಿ, ಪಕ್ಕದವನ ಜೊತೆ ಆ ಭಾಷೆಯಲ್ಲೇ ಚರ್ಚೆ ಮಾಡಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ ಮಗುವಿನ ಮಾತಿನಲ್ಲಿ ಹುರುಳಿರುತ್ತೆ.

ಮಾತಾಡಲು ಒಂದು ಕಾರಣ ಬೇಕು

ಪಠ್ಯದ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು, ಟೀಚರಿಗೂ ಗೊತ್ತು. ಗೊತ್ತಿರುವುದನ್ನು ಯಾರಿಗಾದರೂ ಯಾಕೆ ಹೇಳಬೇಕು? ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಾಗ ಮಾತ್ರ ಮಾತು ತಾನಾಗಿ ಹುಟ್ಟುತ್ತೆ. ಬೇರೆ ದೇಶದಿಂದ ಬಂದ ಸಹಾಯಕರ ದೊಡ್ಡ ಬಂಡವಾಳವೇ ಅದು. ನಿಮ್ಮ ಊರಿನ ಬಗ್ಗೆ ಮಕ್ಕಳಿಗೆ ಗೊತ್ತಿಲ್ಲ, ಅವರ ಊರಿನ ಬಗ್ಗೆ ನಿಮಗೆ ಗೊತ್ತಿಲ್ಲ.

ನಾನು ಕಾಫಿಯನ್ನು ಹಿಡಿದುಕೊಂಡೆ. ಪಾಲ್ಪಾ, ಅದರ ಪಕ್ಕದ ಗುಲ್ಮಿ, ಎರಡೂ ನೇಪಾಳದ ಕಾಫಿ ಜಿಲ್ಲೆಗಳು. ನೆರಳಿನ ಮರದ ಕೆಳಗೆ ಮನೆ ಹಿತ್ತಲಿನಷ್ಟು ಜಾಗದಲ್ಲಿ ಅರೇಬಿಕಾ ಬೆಳೆಯುತ್ತಾರೆ. ಹೀರಾ ಗಿರಿ ಅನ್ನುವ ಸಾಧು 1938ರಲ್ಲಿ ಬರ್ಮಾದಿಂದ ಬೀಜ ತಂದು ಗುಲ್ಮಿಯ ಆಪ್‌ಚೌರ್‌ನಲ್ಲಿ ಹಾಕಿದರು ಅಂತ ಅಲ್ಲಿನ ಕಥೆ. ನಮ್ಮಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಅಂತ ಕಥೆ. ಇಬ್ಬರೂ ಸಂತರು, ಇಬ್ಬರೂ ಬೆಟ್ಟಕ್ಕೇ ತಂದರು. ಎರಡು ಕಥೆಯನ್ನೂ ಸುಲಭದ ಇಂಗ್ಲಿಷಿನಲ್ಲಿ ಎಂಟೆಂಟು ವಾಕ್ಯಕ್ಕೆ ಇಳಿಸಿ, ಅರ್ಧ ತರಗತಿಗೆ ಒಂದು, ಇನ್ನರ್ಧಕ್ಕೆ ಇನ್ನೊಂದು ಕೊಟ್ಟೆ. ಒಬ್ಬರದು ಇನ್ನೊಬ್ಬರು ನೋಡುವ ಹಾಗಿಲ್ಲ. ಆಮೇಲೆ ಜೋಡಿ ಮಾಡಿ ಕೂರಿಸಿದೆ: ಯಾರು, ಎಲ್ಲಿಂದ, ಎಲ್ಲಿಗೆ, ಏನು ತಂದರು, ಕೇಳಿ ಬರೆದುಕೊಳ್ಳಿ. ಏಳನೇ ತರಗತಿಯ ಮಕ್ಕಳು ಒಂದು ಪೀರಿಯಡ್ ಪೂರ್ತಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಒಬ್ಬ ಹುಡುಗ "ಓನ್ಲಿ ಸೆವೆನ್?" ಅಂತ ಮತ್ತೆ ಮತ್ತೆ ಕೇಳುತ್ತಿದ್ದ. ಅವನ ಮನೆಯ ಹಿತ್ತಲಲ್ಲಿ ಅದಕ್ಕಿಂತ ಹೆಚ್ಚು ಗಿಡ ಇದ್ದವು.

ಮರುದಿನ ಕೆಲಸದ ಪದಗಳು: ಕುಯ್ಯುವುದು, ಪಲ್ಪ್ ಮಾಡುವುದು, ತೊಳೆಯುವುದು, ಒಣಗಿಸುವುದು, ಹುರಿಯುವುದು, ಪುಡಿ ಮಾಡುವುದು, ಕುದಿಸುವುದು. ಅಲ್ಲಿನ ಮಕ್ಕಳು ಇದನ್ನೆಲ್ಲ ಕೈಯಾರೆ ಮಾಡಿದವರು, ಇಂಗ್ಲಿಷ್ ಪದ ಒಂದನ್ನು ಸೇರಿಸಿದರೆ ಸಾಕಾಯಿತು. ಸಕಲೇಶಪುರದ ಹಾನುಬಾಳಿನ ಕಡೆಯ ತೋಟದ ಫೋಟೋಗಳನ್ನು ಒಯ್ದಿದ್ದೆ. ಕಣದಲ್ಲಿ ಹರವಿದ ಪಾರ್ಚ್‌ಮೆಂಟ್ ಕಾಫಿ ಬೀಜ, ಬಳ್ಳಿ ಮೆಣಸು ಹಬ್ಬಿದ ಸಿಲ್ವರ್ ಮರ, ಕಾಫಿ ಗಿಡದ ಸಾಲಿನಲ್ಲಿ ನಿಂತ ಕಾಡಾನೆ. ಆನೆ ಫೋಟೋ ಕಂಡ ಕೂಡಲೇ ಅದುವರೆಗೆ ಒಂದು ಮಾತೂ ಆಡದ ಹುಡುಗಿ ಎದ್ದು, "ಮಿಸ್, ಯುವರ್ ಹೌಸ್ ಕಮಿಂಗ್?" ಅಂದಳು. ವ್ಯಾಕರಣ ಹೇಗಾದರೂ ಇರಲಿ, ಅದು ಅವಳ ಸ್ವಂತ ಪ್ರಶ್ನೆ. ಆ ವಾಕ್ಯಕ್ಕಾಗಿ ನಾನು ಎರಡು ದಿನದ ರೈಲು ಹತ್ತಿದ್ದು ಸಾರ್ಥಕ ಅನ್ನಿಸಿತು.

ನಿಮ್ಮದು ಕಾಫಿ ಊರಲ್ಲದಿದ್ದರೆ ಆಲೂಗಡ್ಡೆ ಹಿಡಿದುಕೊಳ್ಳಿ. ಹಾಸನದ ಬಯಲುಸೀಮೆ ಕಡೆಯ ತಾಲ್ಲೂಕುಗಳಲ್ಲೂ ಅದು ಬೆಳೆ, ಅಲ್ಲೂ ಬೆಳೆ. ಬಸ್ಸು, ಸಂತೆ, ಹಬ್ಬ, ಏನಾದರೂ ನಡೆಯುತ್ತೆ. ಎರಡು ಕಡೆಯೂ ಇರಬೇಕು, ಆದರೆ ಬೇರೆ ಬೇರೆ ರೀತಿ ಇರಬೇಕು.

ಓದಿಸಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣವನ್ನು ಬಳಸಿ. 2015ರಿಂದ ನಡೆಯುತ್ತಿದೆ, ಕಥೆಗಳನ್ನು ಹಣ ಕೊಡದೆ ಇಳಿಸಿಕೊಂಡು ಮುದ್ರಿಸಬಹುದು. ಕನ್ನಡ, ನೇಪಾಳಿ, ಇಂಗ್ಲಿಷ್ ಮೂರೂ ಇವೆ. ಹಾಸನದಲ್ಲೇ ಮುದ್ರಿಸಿ, ಬೈಂಡ್ ಮಾಡಿಸಿ ಒಯ್ಯಿರಿ. ಮಕ್ಕಳಿಗೆ ಒಬ್ಬೊಬ್ಬರಿಗೇ ಪೆನ್ನು, ಚಾಕೊಲೇಟ್, ದುಡ್ಡು ಕೊಡಬೇಡಿ. ಕೊಡುವುದನ್ನು ಶಾಲೆಯ ಲೈಬ್ರರಿಗೆ ಕೊಡಿ.

ಟೀಚರ್ ಜೊತೆ

ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಾದದ್ದು ಇದೇ. ತರಗತಿ ಅವರದು. ಅಂಕ ಕೊಡುವುದು, ಶಿಸ್ತು ನೋಡಿಕೊಳ್ಳುವುದು, ಪಾಠ ಮುಗಿಸುವುದು ಅವರ ಜವಾಬ್ದಾರಿ. ಅವರ ಇಂಗ್ಲಿಷಿನ ತಪ್ಪನ್ನು ಮಕ್ಕಳ ಮುಂದೆ ತಿದ್ದಬೇಡಿ. ಒಂಟಿಯಾಗಿ ಸಿಕ್ಕಾಗಲೂ ಅವರು ಕೇಳದೆ ತಿದ್ದಬೇಡಿ. ಮೊದಲು ನೀವೇ ಅವರಿಂದ ಏನಾದರೂ ಕಲಿಯಿರಿ, ದಿನಕ್ಕೆ ನಾಲ್ಕು ನೇಪಾಳಿ ವಾಕ್ಯ ಹೇಳಿಕೊಡಿ ಅಂತ ಕೇಳಿ. ನೀವು ತಡವರಿಸಿ ನೇಪಾಳಿ ಮಾತಾಡುವುದನ್ನು ಅವರು ಕೇಳಿದ ಮೇಲೆ ನಿಮ್ಮೆದುರು ಇಂಗ್ಲಿಷ್ ಮಾತಾಡಲು ಅವರಿಗೆ ಇರುವ ಸಂಕೋಚ ಅರ್ಧ ಕಡಿಮೆಯಾಗುತ್ತೆ.

ಹತ್ತನೇ ತರಗತಿಯ ಟೀಚರಿಗೆ ಎಸ್‌ಇಇ ಪರೀಕ್ಷೆಯ ಚಿಂತೆ, ನಮಗೆ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ. "ಮಾತಾಡಿಸುತ್ತಾ ಕೂತರೆ ಪೋರ್ಷನ್ ಮುಗಿಯೋದು ಹೇಗೆ?" ಅಂತ ಅವರು ಕೇಳಿದರೆ ಅದು ನ್ಯಾಯವೇ. ಅವರು ಅಂದು ಮಾಡುವ ಪಾಠದಿಂದಲೇ ಹತ್ತು ನಿಮಿಷದ ಮಾತು ತೆಗೆಯಿರಿ, ಬೇರೆ ಪಾಠ ತರಬೇಡಿ. ಕೇಳುವುದು, ಮಾತಾಡುವುದು ಅವರ ಪಠ್ಯಕ್ರಮದಲ್ಲೂ ಇದೆ. ನೀವು ಅದನ್ನು ವಹಿಸಿಕೊಂಡರೆ ಅವರ ಹೊರೆ ಇಳಿಯುತ್ತೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದ ಟೀಚರುಗಳು ನಿಮ್ಮ ಪರಿಚಯದಲ್ಲಿ ಇದ್ದರೆ, ಅವರ ಹಳೆಯ ನೋಟ್ಸ್ ಕೇಳಿ ಇಸ್ಕೊಳ್ಳಿ. ಸರ್ಕಾರಿ ಶಾಲೆಯ ತರಗತಿಗೆ ಹೊಂದುವ ಚಟುವಟಿಕೆಗಳು ಅದರಲ್ಲಿ ಇರುತ್ತವೆ.

ದಿನವೂ ಮಧ್ಯಾಹ್ನದ ಚಹಾದ ಹೊತ್ತಿನಲ್ಲಿ ಹತ್ತು ನಿಮಿಷ ಇಬ್ಬರೂ ಕೂತು ನಾಳೆಯದು ಮಾತಾಡಿ. ಒಂದು ಉದ್ದನೆಯ ನೋಟ್‌ಬುಕ್ ಇಟ್ಟು, ಮಾಡಿದ ಚಟುವಟಿಕೆ ಒಂದೊಂದನ್ನೂ ಬರೆಯಿರಿ, ಸಾಧ್ಯವಾದರೆ ಟೀಚರ್ ಕೈಯಲ್ಲೇ ಬರೆಸಿ. ಕೊನೆಯ ಎರಡು ವಾರ ಅವರು ನಡೆಸಲಿ, ನೀವು ಮತ್ತೆ ಹಿಂದಿನ ಬೆಂಚಿಗೆ ಹೋಗಿ. ಆ ನೋಟ್‌ಬುಕ್ ಅಲ್ಲೇ ಬಿಟ್ಟು ಬನ್ನಿ.

ಹೋಗುವ ಮೊದಲು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಿಮ್ಮ ಮನೆಗೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರನ್ನು ಕಂಡು, ವಾರಕ್ಕೆ ಎರಡು ಪೀರಿಯಡ್ ಇಂಗ್ಲಿಷ್ ಟೀಚರ್ ಜೊತೆ ನಿಲ್ಲಲು ಕೇಳಿ. ಟೀಚರ್ ಆಗಿ ಅನುಭವ ಇದ್ದವರೂ ಇದನ್ನು ಮಾಡಲೇಬೇಕು. ತರಗತಿ ನಡೆಸುವುದು ನಮಗೆ ಗೊತ್ತು, ಇನ್ನೊಬ್ಬರು ನಡೆಸುವ ತರಗತಿಯಲ್ಲಿ ಪಕ್ಕಕ್ಕೆ ನಿಲ್ಲುವುದಕ್ಕೆ ಬೇರೆಯೇ ಅಭ್ಯಾಸ ಬೇಕು. ಬೈಶಾಖಕ್ಕೆ ಹೋಗುವ ಮನಸ್ಸಿದ್ದರೆ ಪತ್ರ ಸಂಕ್ರಾಂತಿಯೊಳಗೆ ಅಲ್ಲಿಗೆ ಮುಟ್ಟಲಿ. ಚೈತ್ರದಲ್ಲಿ ಅವರು ಪರೀಕ್ಷೆಯಲ್ಲಿ ಮುಳುಗಿರುತ್ತಾರೆ, ಪಾಲಿಕೆಯ ಒಪ್ಪಿಗೆ ಅದಕ್ಕೆ ಮೊದಲೇ ಆಗಬೇಕು.